ಮೀನಿನ ಐಸು

ಇಪ್ಪತ್ತಾರು ವರ್ಷ ಶಿವಾಜಿನಗರದ ಟ್ರಿಪ್ಪಿನಲ್ಲಿ
ಟಿಕೆಟು ಹರಿದವಳು ನಾನು.
ಬಸ್ಸಿನ ಕಿಟಕಿ ಎಷ್ಟು ಎತ್ತರವೆಂದರೆ
ಕಾಕ್ಸ್ ಟೌನಿನ ಯಾವ ಕಾಂಪೌಂಡೂ ನನ್ನಿಂದ ಏನನ್ನೂ ಮುಚ್ಚಿಡಲಿಲ್ಲ:
ಒಗೆದು ಹರವಿದ ಲಂಗ, ಕಟ್ಟಿಹಾಕಿದ ನಾಯಿ,
ಬೆತ್ತದ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ ಗಂಡಸರು,
ಮತ್ತೆ, ಗುಲಾಬಿ.

ಹೂವಿನಂಗಡಿಯ ಉದ್ದ ಕತ್ತಿನದಲ್ಲ.
ಹಳೇ ಜಾತಿ. ಮಂಕು ಎಲೆ, ಸಣ್ಣ ಮುಳ್ಳು, ಮೈತುಂಬ.
ಬಿಟ್ಟರೆ ಎಲೆಕೋಸಿನ ಹಾಗೆ ಒಳಗೊಳಗೇ ಮಡಿಕೆ.

ಟಿಕೆಟಿನ ಬೆನ್ನಿಗೆ ಬರೆದುಕೊಳ್ಳುತ್ತಿದ್ದೆ:
'ಚರ್ಚಿನ ತಿರುವು, ನೀಲಿ ಗೇಟು, ಭಾನುವಾರ ಕೇಳಬೇಕು.'
ಕೇಳಿದೆ. ಕೆಲವರು ನಾಯಿ ಬಿಟ್ಟರು, ಕೆಲವರು ಟೀ ಕೊಟ್ಟರು.
ಮೂರು ಕಡೆ ನನಗಿಂತ ಮೊದಲೇ ಜೆಸಿಬಿ ಬಂದಿತ್ತು.
ಒಂದು ಕಡೆ ಮಣ್ಣಗುಡ್ಡೆಯಿಂದ ಬೇರು ಹೆಕ್ಕಿ
ಚಿಲ್ಲರೆ ಚೀಲದಲ್ಲೇ ಡಿಪೋವರೆಗೆ ತಂದೆ;
ಎರಡು ದಿನ ನಾ ಕೊಟ್ಟ ನಾಣ್ಯವೆಲ್ಲ ಮಣ್ಣು ಮಣ್ಣು.

ಸಿದ್ದಾಪುರದ ನರ್ಸರಿಯ ಮುನಿಯಲ್ಲಪ್ಪ
ಎಲೆ ಹಿಸುಕಿ, ಮೂಸಿ, ಹೇಳುತ್ತಿದ್ದ:
'ಇದು ಎಡ್ವರ್ಡು, ಬೇಲಿಗೆ ಹಾಕ್ತಿದ್ವಿ.
ಇದು ಪನ್ನೀರು.
ಇದು…' ನಿಂತ. ನೀಲಿ ಗೇಟಿನ ಕಡ್ಡಿ ಅದು.
'ಇದು ಚಳೀದಕ್ಕಾ. ಇದಕ್ಕೆ ಮೈ ನಡುಗಬೇಕು.
ನಡುಗದೆ ಮೊಗ್ಗಾಗಲ್ಲ.'

ನೀಲಿ ಗೇಟಿನ ಡೋರೀನ್ ರೆಬೆಲ್ಲೊ ಅಂದಳು:
'ನನ್ನ ಮದುವೆಯ ವರ್ಷ ಬಿಟ್ಟಿತ್ತು.
ಆಮೇಲೆ ಒಂದೇ ಸಲ,
ಬಾವಿ ಹಗ್ಗ ಹಿಡಿದರೆ ಬೆರಳು ಮರಗಟ್ಟಿದ ಡಿಸೆಂಬರು ಕಳೆದು.
ಅಲ್ಲಿಂದ ಬರೀ ಎಲೆ. ಕಿತ್ತುಹಾಕು ಅಂತಾರೆ.
ನನಗೂ ಬರೀ ಎಲೆಯೇ ಈಗ, ನನ್ನ ಯಾರು ಕಿತ್ತರು?'

ರಸೆಲ್ ಮಾರ್ಕೆಟ್ಟಿನ ಖಲೀಲನ ಹತ್ತಿರ
ರಾತ್ರಿ ಉಳಿದ ಐಸು ಕೇಳಿದೆ. 'ಯಾವ ಮೀನಿಗಕ್ಕಾ?'
'ಗಿಡಕ್ಕೆ.'
ನಗಲಿಲ್ಲ. ಇನ್ನೆರಡು ಬೊಗಸೆ ಹಾಕಿದ.

ಡಿಸೆಂಬರಿಡೀ ಪಾಳಿ ಮುಗಿಸಿ
ಬುಡಕ್ಕೆ ಸುರಿದೆ, ಗೋಣಿ ಹೊದಿಸಿದೆ.
ಡೋರೀನಳ ಕೈಯಲ್ಲಿ ಟಾರ್ಚು.
ಬೀದಿಯ ಬೆಕ್ಕೆಲ್ಲ ಬಂದು, ಪೂಜೆಗೆ ಕೂತಂತೆ, ಸಾಲಾಗಿ ಕೂತವು.
ಏಪ್ರಿಲಿನಲ್ಲಿ ಎಲೆ.
ದಟ್ಟ, ಹೊಳೆಯುವ, ಮೀನು ತಿಂದು ಕೊಬ್ಬಿದ ಎಲೆ.

ಮಹಡಿಯ ಬಾಡಿಗೆಯವಳು ಛೆರಿಂಗ್, ಆಸ್ಪತ್ರೆಯ ನರ್ಸು,
ಕೆಲಸ ಬಿಟ್ಟು ಲಾಹೌಲಿಗೆ ಹೊರಟಾಗ
ನಾಲ್ಕು ಕಡ್ಡಿ ಕೊಯ್ದು, ಒದ್ದೆ ಪೇಪರಿನಲ್ಲಿ ಸುತ್ತಿ,
ಅವಳ ಸ್ವೆಟರುಗಳ ನಡುವೆ ಮಲಗಿಸಿದೆವು.
ಹೋದದ್ದು ನಾಲ್ಕು. ಚಿಗುರಿದ್ದು ಒಂದು.
ಎರಡು ಚಳಿಗಾಲ ಆರಡಿ ಹಿಮದಡಿ
ಇದೆಯೋ ಸತ್ತಿದೆಯೋ ಎಂದು ನಾವಿಬ್ಬರೂ ಕೇಳಲಿಲ್ಲ,
ಕೇಳಿದರೆ ಸತ್ತೀತು ಎಂಬಂತೆ.

ಜುಲೈನಲ್ಲೊಂದು ಬೆಳಿಗ್ಗೆ ಫೋನು: 'ದೀದಿ, ಬಿಟ್ಟಿದೆ.'
'ಬಣ್ಣ?' ಅಂದೆ.
ನನ್ನ ಹಿಂದಿ ಅಲ್ಲಿಗೆ ಮುಗಿಯಿತು, ಅವಳ ಕನ್ನಡವೂ.
ಅವಳ ಭಾಷೆಯಲ್ಲಿ ಏನೋ ಒಂದು ಬಣ್ಣ ಹೇಳಿದಳು.
ಬಿಳಿಯಲ್ಲ ಅಂದಳು. ಕೆಂಪೂ ಅಲ್ಲ.
'ಇರಿ, ನೋಡಿಕೊಂಡು ಬರ್ತೀನಿ.'

ಬಾಗಿಲ ಚಿಲಕ. ಗಾಳಿ. ಕಲ್ಲಿನ ಮೇಲೆ ಚಪ್ಪಲಿ.
'ವಾಸನೆ ಕೇಳು, ವಾಸನೆ,' ಡೋರೀನ್ ನನ್ನ ತೋಳು ಹಿಂಡುತ್ತಾಳೆ.
ನಾನು ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿ
ಹಳೇ ಟಿಕೆಟೊಂದರ ಬೆನ್ನು ಮೊಣಕಾಲ ಮೇಲಿಟ್ಟುಕೊಂಡು.