ಮೂರನೆಯ ಗೆರೆ

ಸೊಹಾರಿನಲ್ಲಿ ಬೆಳಗಿನ ಆರೂವರೆಗೇ
ಸೀಟಿ ತುಟಿ ಸುಡುತ್ತದೆ.
ನಿನ್ನೆ ಎಳೆದ ನಾಲ್ಕು ಸುಣ್ಣದ ಗೆರೆಗಳಲ್ಲಿ
ಒಂದನ್ನು ಮರಳು ತಿಂದಿದೆ.

ಒಂಬತ್ತನೇ ಬಿ, ರಿಲೇ.
ಮೂರನೆಯವಳು ಮಿಸ್ರಿಯಾ
ಗುರುವಾರ ರಾತ್ರಿಯೇ ವಿಮಾನ ಹತ್ತಿದಳಂತೆ,
ಅಪ್ಪನ ವೀಸಾ ಮುಗಿಯಿತಂತೆ.
ನನ್ನ ಹಾಜರಿ ಪುಸ್ತಕಕ್ಕೆ ಯಾರೂ ಹೇಳಲಿಲ್ಲ.
ಅವಳ ಕ್ಯಾನ್ವಾಸ್ ಶೂ ಇನ್ನೂ
ವಾಲಿಬಾಲ್ ನೆಟ್ಟಿನ ಕೆಳಗಿದೆ,
ಒಂದು ಲೇಸು ಗುಲಾಬಿ.

ಜೆಸಿಂತಾ ಕೋಲು ಹಿಡಿದು ಓಡಿಬಂದಳು,
ರೂಢಿಯಂತೆ ಕೈ ಮುಂದೆ ಚಾಚಿದಳು.
ಗಾಳಿ ತೆಗೆದುಕೊಳ್ಳಲಿಲ್ಲ.

ನಿಲ್ಲುತ್ತಾಳೆ ಅಂದುಕೊಂಡೆ.
ಆ ನೂರು ಮೀಟರನ್ನೂ ಅವಳೇ ಓಡಿದಳು,
ಪಕ್ಕೆ ಹಿಡಿದುಕೊಂಡು,
ಕೊನೆಕೊನೆಗೆ ನಡೆದೇ.

ಅಂಗೈ ಹಿಂದಕ್ಕಿಟ್ಟು ಕಾಯುತ್ತಿದ್ದ ಹಂಸಿಕಾ
ತಿರುಗಿ ಕೂಗಿದಳು:
"ಮಿಸ್, ಇದು ಫೌಲ್ ಅಲ್ವಾ?"

ಸೀಟಿ ಬಾಯಲ್ಲೇ ಇತ್ತು.
ಕೈಯಲ್ಲಿ ಗಡಿಯಾರ, ನಿಲ್ಲಿಸಲು ಮರೆತದ್ದು,
ಇನ್ನೂ ಓಡುತ್ತಿತ್ತು.