ತೇಪೆ

ಆರನೇ ವಯಸ್ಸಿಗೆ ಸೋರಲು ಶುರುವಾದದ್ದು,
ಎಡಗಿವಿ.
ಅವ್ವ ಬೆಳ್ಳುಳ್ಳಿ ಎಸಳು ಹಾಕಿ ಎಣ್ಣೆ ಕಾಯಿಸಿದಳು,
ದೊಡ್ಡಪತ್ರೆ ಬಾಡಿಸಿ ಹಿಂಡಿದಳು,
ಯಾರೋ ಹೇಳಿದರೆಂದು ಸಾಗರದ ತನಕ ಹೋಗಿ
ತಾಯಿತ ಕಟ್ಟಿಸಿಕೊಂಡು ಬಂದಳು.
ಅದು ಕುತ್ತಿಗೆಯಲ್ಲಿ ಜೋತಾಡಿತು,
ಕಿವಿ ತನ್ನ ಪಾಡಿಗೆ ಸೋರಿತು.

ಶಾಲೆಯಲ್ಲಿ ನನ್ನ ಬೆಂಚಿಗೆ ನಾನೊಬ್ಬಳೇ.
ವಾಸನೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ,
ಸರಿದು ಕೂತರು, ಅಷ್ಟೇ.
ಟೀಚರು ಮಾತ್ರ, ಮಗ್ಗಿ ಒಪ್ಪಿಸದ ದಿನ,
ಅದೇ ಕಿವಿಯನ್ನು ಹುಡುಕಿ ಹಿಂಡಿದರು.

ಈ ಕಿವೀಲಿ ಕೇಳಿ ಆ ಕಿವೀಲಿ ಬಿಡು ಮಾರಾಯ್ತಿ
ಅನ್ನುತ್ತಾರೆ ಜನ, ಸುಲಭಕ್ಕೆ.
ನನಗೆ ಆ ಕಡೆ ಬಾಗಿಲೇ ಇರಲಿಲ್ಲ.
ಬಂದ ಮಾತೆಲ್ಲ ಒಳಗೇ ಉಳಿಯಿತು:
ಯಾರು, ಯಾವ ಮದುವೆಯಲ್ಲಿ, ಯಾವ ಸೀರೆಯುಟ್ಟು ಏನಂದರು,
ಇವತ್ತಿಗೂ ಅಂಚಿನ ಬಣ್ಣದ ಸಮೇತ ಹೇಳಬಲ್ಲೆ.

ದುರ್ಗಿಗುಡಿಯಲ್ಲಿ ಮಹಡಿ ಮೇಲೆ ಅಂಗಡಿ.
ಎರಡು ಮಿಷನ್ನು. ಜೀನತ್ ನನ್ನ ಬಲಕ್ಕೆ,
ಎಡಕ್ಕೆ ಗೋಡೆ.
ಗೋಡೆಗೂ ಕಿವಿಯುಂಟಂತೆ,
ನನ್ನ ಪಾಲಿನದು ಅದೇ ಇರಬೇಕು.
ಹದಿಮೂರು ಎಂದದ್ದು ಹದಿನಾರಾಗಿ
ಮದುಮಗಳ ರವಿಕೆ ಸೊಂಟಕ್ಕಿಳಿದ ದಿನ
ಜೀನತ್ ಶಟರ್ ಎಳೆದಳು,
ಕೈ ಹಿಡಿದು ಆಟೋ ಹತ್ತಿಸಿದಳು.

ಡಾಕ್ಟರು ಬಾಯರಿ, ನನ್ನ ಕೊನೇ ತಂಗಿಯ ವಯಸ್ಸು,
ಕಿವಿಯೊಳಗನ್ನು ಟೀವಿಯಲ್ಲಿ ತೋರಿಸಿದರು.
ತಮಟೆಗೆ ಬಿಗಿದಂಥ ಪೊರೆ, ನಡುವೆ ತೂತು.
ಇಲಿ ಕಡಿದ ವಾಯಿಲ್, ಅಂದೆ.
ಅವರು ನಕ್ಕರು. ತೇಪೆ ಹಾಕೋಣ, ಅಂದರು.
ಬಟ್ಟೆ ಎಲ್ಲಿಂದ?
ನಿಮ್ಮದೇ. ಕಿವಿಯ ಮೇಲುಗಡೆಯಿಂದ ಒಂದು ಚೂರು.

ಸಮಾಧಾನವಾಯಿತು. ತೇಪೆ ಅದೇ ಥಾನಿನದಾದರೆ
ಕುಗ್ಗುವುದೂ ಒಟ್ಟಿಗೆ, ಮಾಸುವುದೂ ಒಟ್ಟಿಗೆ.
ಹೊಲಿಗೆ ಎಷ್ಟು ಎಂದು ಕೇಳಿದೆ.
ಒಳಗೆ ಹೊಲಿಗೆಯೇ ಇಲ್ಲವಂತೆ!
ಅಡಿಗೆ ಸರಿಸಿಟ್ಟು ಸ್ಪಂಜು ತುಂಬುವುದಂತೆ,
ಅದಾಗೇ ಹತ್ತಿಕೊಳ್ಳುವುದಂತೆ.
ಮೂವತ್ತು ವರ್ಷ ದಾರ ಕಡಿದ ಹಲ್ಲು
ನಂಬಲಿಲ್ಲ.
ಸಹಿ ಹಾಕಿದೆ.

ಮೂಗು ಸೀಟುವಂತಿಲ್ಲ, ತಲೆಗೆ ನೀರಿಲ್ಲ,
ಸೀನು ಬಂದರೆ ಬಾಯಿ ಅಗಲಿಸಿ ಸೀನಬೇಕು,
ಬಸ್ಸಿನಲ್ಲಿ ಹಾಗೆ ಸೀನಿ ಒಂದು ಮಗುವನ್ನು ಅಳಿಸಿದೆ.

ಸ್ಪಂಜು ತೆಗೆದಾಗ ಮೊದಲು ಕೇಳಿದ್ದು
ಚಿಮುಟ ತಟ್ಟೆಗೆ ಬಿದ್ದ ಸದ್ದು.
ಅತ್ತ ತಿರುಗಿದೆ.
ಚಿಮುಟ ಅತ್ತಲೇ ಇತ್ತು.
ಇದರಲ್ಲೇನು ವಿಶೇಷ ಎನ್ನುತ್ತೀರಿ,
ನಲವತ್ತು ವರ್ಷ ಯಾರು ಕರೆದರೂ
ಇಡೀ ಒಂದು ಸುತ್ತು ತಿರುಗಿ ಹುಡುಕಿದವಳಲ್ಲವೇ ನಾನು.
ಕೆಳಗಿಳಿದು ಬಂದರೆ
ನೆಹರು ರಸ್ತೆಗೆ ಎರಡು ಬದಿ.

ಪೂರ್ತಿ ಅಲ್ಲ, ಮುಕ್ಕಾಲು, ಎಂದಿದ್ದಾರೆ ಡಾಕ್ಟರು.
ಮುಕ್ಕಾಲು ಸಾಕು. ಕತ್ತರಿಗೆ
ರೇಷ್ಮೆಯಲ್ಲಿ ಒಂದು ದನಿ, ಹತ್ತಿಯಲ್ಲಿ ಒಂದು
ಎಂದು ಈಗ ಗೊತ್ತು.
ಇನ್ನು ಯಾವ ಕಡೆ ಕೂರಲಿ ಎಂದಳು ಜೀನತ್.
ಅಲ್ಲೇ ಇರೇ, ಎಂದೆ.

ಒಂದೇ ತೊಂದರೆ.
ಮೊದಲೆಲ್ಲ ಅತ್ತೆ ರಾಗ ತೆಗೆದರೆ
ಬಲಕ್ಕೆ ಹೊರಳಿ, ಒಳ್ಳೆಯ ಕಿವಿಯನ್ನು ದಿಂಬಿಗೊತ್ತಿ
ಲೋಕದ ಶಟರ್ ಎಳೆದುಬಿಡುತ್ತಿದ್ದೆ.
ಈಗ ಯಾವ ಮಗ್ಗುಲಾದರೂ ಮೇಲೊಂದು ಕಿವಿ
ಎಚ್ಚರವಾಗಿರುತ್ತದೆ.
ನಿನ್ನೆ ರಾತ್ರಿ ಫ್ಯಾನಿನ ಕಿರುಗುಟ್ಟು,
ಯಾರದೋ ಟ್ಯಾಂಕು ತುಂಬಿ ಚೆಲ್ಲುವುದು,
ಆಮೇಲೆ ಪಕ್ಕದಲ್ಲೇ ಕರಕರ.
ಇಲಿಯೆಂದು ಲೈಟು ಹಾಕಿದೆ.

ಮೋನಪ್ಪ, ನನ್ನ ಗಂಡ,
ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದ.
ಹಗಲಲ್ಲಿ ಒಂದು ಮಾತಿಗೂ ಎದುರಾಡದವನು.
ಯಾರ ಮೇಲೋ, ಎಷ್ಟು ವರ್ಷದಿಂದಲೋ.

ಲೈಟು ಆರಿಸಿದೆ.
ಎಡಗಿವಿ ಮೇಲಾಗಿಯೇ ಮಲಗಿದೆ.