ಗೆರೆ ಎಳೆದ ಬೆಲೆ

ಹನ್ನೊಂದು ವರ್ಷ ಆ ಅಂಗಡಿಯ ಹಿಂಬದಿ ಕೋಣೆಯಲ್ಲಿ
ನನ್ನ ಕೈಯಲ್ಲಿದ್ದದ್ದು ಒಂದು ಪುಟ್ಟ ಪಿಸ್ತೂಲು.
ಕೋಟಿನ ಕಂಕುಳಿಗೆ ಗುರಿಯಿಟ್ಟು ಒತ್ತಿದರೆ
ಟಕ್ಕೆಂದು ಚೀಟಿಯೊಂದು ನೇತಾಡುತ್ತಿತ್ತು:
ನೂರ ನಲವತ್ತು, ಅದರ ಮೇಲೊಂದು ಅಡ್ಡಗೆರೆ,
ಕೆಳಗೆ ಕೆಂಪಿನಲ್ಲಿ ಐವತ್ತಾರು.

ಪೆಟ್ಟಿಗೆ ಒಡೆಯುತ್ತಿದ್ದವಳು ನಾನು, ನನಗೆ ಗೊತ್ತು,
ಆ ನೂರ ನಲವತ್ತು ಒಂದು ದಿನವೂ ಬದುಕಿರಲಿಲ್ಲ.
ಅಚ್ಚಾಗುವಾಗಲೇ ಗೆರೆ ಎಳೆಸಿಕೊಂಡು ಬಂದಿತ್ತು,
ಹುಟ್ಟದೇ ಇದ್ದವರಿಗೆ ತಿಥಿ ಮಾಡಿದ ಹಾಗೆ.
"ಜನ ಕೋಟು ಕೊಳ್ಳುವುದಿಲ್ಲ, ಗೆರೆ ಕೊಳ್ಳುತ್ತಾರೆ"
ಎನ್ನುತ್ತಿದ್ದ ಮ್ಯಾನೇಜರ್ ಡ್ವೇನ್.
ನಾನು ನಗುತ್ತಿದ್ದೆ. ಗಂಟೆಗೆ ಒಂಬತ್ತೂವರೆ ಡಾಲರು,
ಅದರಲ್ಲಿ ನಗುವೂ ಸೇರಿತ್ತು.

ನನ್ನ ಅತ್ತೆ ಓಟಿಲಿ ಆ ಗೆರೆಯ ಪರಮಭಕ್ತೆ.
ಈರಿ ಸರೋವರದ ಗಾಳಿ ಕಿವಿ ಕೊಯ್ಯುವ ಬೆಳಗ್ಗೆಯೂ
ಎರಡು ಬಸ್ಸು ಬದಲಿಸಿ ಬರುವಳು,
ಹಿಮದ ಬೂಟನ್ನು ಬಾಗಿಲಲ್ಲಿ ಕೊಡವುವಳು,
ಸಂಜೆ ಅಡುಗೆಮನೆಯ ಮೇಜಿನ ಮೇಲೆ
ಹಸಿರು ರಟ್ಟಿನ ನೋಟುಬುಕ್ಕು ಬಿಡಿಸುವಳು.
ಖರ್ಚಿನ ಲೆಕ್ಕ ಅದರಲ್ಲಿಲ್ಲ,
ಉಳಿಸಿದ್ದರ ಲೆಕ್ಕ ಮಾತ್ರ.
ಮೊಮ್ಮಗಳ ಬೂಟು: ಉಳಿದದ್ದು ಮೂವತ್ತೊಂದು.
ಮಹಡಿ ಕೋಣೆಯ ಪರದೆ: ಅರವತ್ತು.
ಆಲ್ವಿನ್ ಮಾವನ ಮಣ್ಣಿಗೆಂದು ತಂದ ಸೂಟು:
ಉಳಿದದ್ದು ನೂರ ಎಂಟು.
ಆ ದಿನವೂ ಬರೆದಿದ್ದಾಳೆ.
ಎಂಟರ ಹೊಟ್ಟೆ ಸ್ವಲ್ಪ ಸೊಟ್ಟಗಾಗಿದೆ, ಅಷ್ಟೆ.

ನಾನು ಕೆಲಸ ಬಿಟ್ಟ ಮೂರನೆಯ ವರ್ಷ
ಟಪಾಲಿನಲ್ಲಿ ಬಂತು ಒಂದು ಹಳದಿ ಕಾರ್ಡು.
ಯಾರೋ ದಾವೆ ಹೂಡಿದ್ದರಂತೆ, ರಾಜಿಯಾಯಿತಂತೆ.
ಅಂಗಡಿ ತಪ್ಪು ಒಪ್ಪಿಲ್ಲ, ಆದರೂ ದುಡ್ಡು ಕೊಡುತ್ತದೆ.
ಓಟಿಲಿ ಎರಡು ಸಲ ಓದಿದಳು.
"ತಪ್ಪಿಲ್ಲದಿದ್ದರೆ ದುಡ್ಡೇಕೆ?
ದುಡ್ಡಿದ್ದರೆ ತಪ್ಪೆಲ್ಲಿ ಹೋಯಿತು?"

ಬಿಸ್ಕತ್ತಿನ ಡಬ್ಬ ಇಳಿಸಿದೆವು.
ಹದಿನಾಲ್ಕು ವರ್ಷದ ರಸೀದಿಗಳು,
ರಬ್ಬರ್ ಬ್ಯಾಂಡು ಮುಟ್ಟಿದರೆ ಪುಡಿ,
ಶಾಯಿ ಹಾರಿ ಎಲ್ಲ ಬೆಳ್ಳಗೆ, ಬರೀ ಬೆಳ್ಳಗೆ.
ರಸೀದಿ ಇಲ್ಲದವರು ಪ್ರಮಾಣ ಮಾಡಿದರೆ ಸಾಕು,
ಅರ್ಜಿಯ ಕೊನೆಗೆ ಸಣ್ಣಕ್ಷರದಲ್ಲಿತ್ತು:
ಆ ಬೆಲೆ ನಿಜವೆಂದು ನಂಬಿ ಕೊಂಡಿರುತ್ತೇನೆ,
ಸುಳ್ಳಾದರೆ ಶಿಕ್ಷೆಗೆ ಬದ್ಧಳು.

ಪೆನ್ನು ಅಲ್ಲಿ ನಿಂತಿತು.
"ನಂಬಿದ್ದೆನೇ ನಾನು? ನೀನೇ ಹೇಳು,
ನೀನು ಅಲ್ಲೇ ಇದ್ದೆಯಲ್ಲ."
ನಾನು ಸಿಂಕಿನ ನಲ್ಲಿ ತಿರುಗಿಸಿದೆ,
ತೊಳೆದ ಲೋಟವನ್ನೇ ಮತ್ತೆ ತೊಳೆದೆ.
ಊರಿನ ಮೂಗಿಗೆಲ್ಲ ತುಪ್ಪ ಸವರಿದ ಕೈ
ಸೋಪಿನ ನೊರೆಯಲ್ಲಿ ಅಡಗಿ ಕೂತಿತು.
ಕೊನೆಗೆ ಹೇಳಿದೆ: ಪಿಸ್ತೂಲು, ಚೀಟಿ, ಪೆಟ್ಟಿಗೆ, ಎಲ್ಲ.

ಓಟಿಲಿ ಬಹಳ ಹೊತ್ತು ಮಾತಾಡಲಿಲ್ಲ.
"ಬೆಲೆಯನ್ನು ನಾನೆಲ್ಲಿ ನಂಬಿದ್ದೆ ಮಗಳೇ,
ನೀನು ಸಿಕ್ಕಿಸಿದ ಚೀಟಿ ಎಂದು ನಂಬಿದ್ದೆ."
ಅದನ್ನು ಬರೆಯಲು ಅರ್ಜಿಯಲ್ಲಿ ಜಾಗವಿರಲಿಲ್ಲ.
ಸಹಿ ಹಾಕಿದಳು.

ಚೆಕ್ಕು ಬರುವಾಗ ಮತ್ತೆ ಹಿಮ ಬಿದ್ದಿತ್ತು.
ಹನ್ನೊಂದು ಡಾಲರು ಇಪ್ಪತ್ತಮೂರು ಸೆಂಟು.
ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.
ಓಟಿಲಿ ಸ್ಕೇಲು ಕೇಳಿದಳು, ಕೊಟ್ಟೆ.
ಹಸಿರು ಪುಸ್ತಕ ತೆರೆದು
ಒಂದೊಂದೇ ಸಾಲಿನ ಮೇಲೆ ಗೆರೆ ಎಳೆಯತೊಡಗಿದಳು,
ಬೂಟು, ಪರದೆ, ಜಮಖಾನ, ಕೆಟ್ಟು ಹೋದ ಮಿಕ್ಸರು.
ನೂರ ಎಂಟರ ಹತ್ತಿರ ಬಂದು
ಸ್ಕೇಲು ಬದಿಗಿಟ್ಟಳು.

"ಬ್ಯಾಂಕಿಗೆ ಹೋಗಿ ಬರಲು ಬಸ್ಸಿಗೆಷ್ಟು?"
"ಬಸ್ಸು ಬೇಡ, ನಾನು ಕಾರಿನಲ್ಲಿ ಕರೆದೊಯ್ಯುತ್ತೇನೆ."
"ಹಾಗಾದರೆ ಪೂರ್ತಿ ಉಳಿಯಿತು" ಎಂದು
ಹೊಸ ಹಾಳೆ ತಿರುಗಿಸಿ, ತಾರೀಖು ಹಾಕಿ,
ಪೆನ್ನಿನ ಮೊನೆಗೆ ಬಾಯಿಂದ ಬಿಸಿಗಾಳಿ ಊದಿದಳು.